ತಗ್ಗಿನ ಹೊಲದ ಚೈನ್‌ಮನ್

ಹೋದ ತಿಂಗಳು ನಮ್ಮ ಕಚೇರಿಯ ಹಿಂದಿನ ಹಾಲ್‌ನಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಸಭೆ ಎಂದರೆ ಹತ್ತು ಹನ್ನೆರಡು ಜನ, ಮೇಜಿನ ಮೇಲೆ ಒಂದು ಫೋಟೊ, ಅದಕ್ಕೊಂದು ಚೆಂಡುಹೂವಿನ ಹಾರ. ಗುರುತಿನ ಚೀಟಿಯ ಫೋಟೊವನ್ನೇ ದೊಡ್ಡದು ಮಾಡಿಸಿದ್ದರಿಂದ ಮುಖ ಮಸುಕಾಗಿತ್ತು. ನಮ್ಮಲ್ಲಿ ಚೈನ್‌ಮನ್ ಆಗಿದ್ದು ನಿವೃತ್ತರಾದವರು ತೀರಿಕೊಂಡಿದ್ದರು. "ಅವರ ಜೋಡಿ ಭಾಳ ವರ್ಷ ಕೆಲಸ ಮಾಡಿದೋರು ನೀವು, ಎರಡು ಮಾತಾಡ್ರಿ" ಎಂದು ಮ್ಯಾನೇಜರ್ ನನ್ನನ್ನು ಎಬ್ಬಿಸಿದರು. ನಾನು ಎದ್ದು, "ಪ್ರಾಮಾಣಿಕ ಮನುಷ್ಯ. ಒಂದು ದಿನವೂ ತಡವಾಗಿ ಬಂದವರಲ್ಲ" ಎಂದೆ. ಮುಂದಕ್ಕೆ ಮಾತು ಹೊರಡಲಿಲ್ಲ. ದುಃಖವೆಂದುಕೊಂಡು ಪಕ್ಕದವರು ನನ್ನ ತೋಳು ಹಿಡಿದು ಕೂರಿಸಿದರು. ಚಹಾ ಬಂತು. ಎಲ್ಲರೂ ಕುಡಿದು ಅವರವರ ಟೇಬಲ್ಲಿಗೆ ಹೋದರು.

ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ, ಅವರ ಹೆಂಡತಿ ಬೇಡ ಎಂದಿದ್ದಾರೆ. ಊರಿನ ಹೆಸರೂ ಬೇಡ. ಹೊಸಪೇಟೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಯ ಒಂದು ಪಟ್ಟಣ ಎಂದರೆ ಸಾಕು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ಅವರು ನನಗಿಂತ ಹನ್ನೆರಡು ವರ್ಷ ದೊಡ್ಡವರು. ಆದರೂ ಇಪ್ಪತ್ತೆರಡು ವರ್ಷ ನಾನು ಅವರನ್ನು ಹೆಸರು ಹಿಡಿದು, ಏಕವಚನದಲ್ಲೇ ಕರೆದೆ. ಕಚೇರಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಈ ಬರಹದಲ್ಲಿ ಬಹುವಚನ ಬಳಸುವಾಗ ಪ್ರತಿ ಸಾಲಿನಲ್ಲೂ ನನಗೆ ನಾಚಿಕೆಯಾಗುತ್ತಿದೆ.

ಪಟ್ಟಣದ ಆಡಳಿತದಲ್ಲಿ ನಾನು ಸರ್ವೇಯರ್. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನಿನಂಥ ಯಂತ್ರ ಇಟ್ಟು ನೆಲದ ಏರುತಗ್ಗು ನೋಡುವುದು ನನ್ನ ಕೆಲಸ. ಎದುರಿಗೆ ದೂರದಲ್ಲಿ ಒಬ್ಬರು ಆಳೆತ್ತರಕ್ಕೆ ಎರಡು ಪಟ್ಟು ಉದ್ದದ, ಅಂಕಿ ಬರೆದ ಪಟ್ಟಿ ಹಿಡಿದು ನಿಲ್ಲಬೇಕು. ಅದಕ್ಕೆ ನಾವು ಸ್ಟಾಫ್ ಎನ್ನುತ್ತೇವೆ. ಪಟ್ಟಿಯ ಮೇಲಿನ ಯಾವ ಅಂಕಿ ಯಂತ್ರದ ಗೆರೆಗೆ ಕೂಡುತ್ತದೋ ಅದನ್ನು ನಾನು ಓದಿ ಪುಸ್ತಕದಲ್ಲಿ ಬರೆಯುತ್ತೇನೆ. ಪಟ್ಟಿ ವಾಲಿದರೆ ಅಂಕಿ ಸುಳ್ಳಾಗುತ್ತದೆ. ಅದನ್ನು ವಾಲದಂತೆ ಹಿಡಿಯುವವರೇ ಚೈನ್‌ಮನ್.

ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವಾರ, ಭತ್ತದ ಗದ್ದೆಯ ಪಕ್ಕ ಯಂತ್ರ ಹೂಡಿ ಓದತೊಡಗಿದ್ದೆ. ನಾಲ್ಕು ಓದು ಆದ ಮೇಲೆ ಅವರು ಸ್ಟಾಫನ್ನು ಹೆಗಲಿಗೇರಿಸಿ ಮೊದಲು ನಿಂತಿದ್ದ ಜಾಗಕ್ಕೇ ವಾಪಸು ಹೋಗಿ ನಿಂತರು.

"ಅಲ್ಲಿ ಆತಲ್ಲ, ಮತ್ತ್ಯಾಕ ಹೋದಿ?" ಎಂದು ಕೂಗಿದೆ.

"ಇನ್ನೊಮ್ಮೆ ನೋಡ್ರಿ ಸಾರ್. ಸುಮ್ನ ನೋಡ್ರಿ."

ನೋಡಿದರೆ ಅದೇ ಜಾಗದ ಅಂಕಿ ಎರಡು ಬೆರಳು ಬದಲಾಗಿತ್ತು. ಸ್ಟ್ಯಾಂಡಿನ ಒಂದು ಕಾಲು ಹಸಿ ಬದುವಿನಲ್ಲಿ ಮೆಲ್ಲಗೆ ಇಳಿಯುತ್ತಿತ್ತು, ನನಗೆ ತಿಳಿದಿರಲಿಲ್ಲ. ಜೊತೆಗಿದ್ದ ಎಂಜಿನಿಯರಿಗೆ ಕೇಳದಂತೆ, ಹತ್ತಿರ ಬಂದು, "ಕಾಲಿನ ಬುಡಕ್ಕ ಕಲ್ಲು ಇಡ್ತೀನ್ರಿ" ಎಂದಷ್ಟೇ ಹೇಳಿದರು. ತಪ್ಪು ನನ್ನದೆಂಬುದು ನಮ್ಮಿಬ್ಬರ ನಡುವೆಯೇ ಉಳಿಯಿತು. ಅವತ್ತಿನಿಂದ ನಾನು ಅವರನ್ನು ಬಿಟ್ಟು ಬೇರೆಯವರನ್ನು ಕೆಲಸಕ್ಕೆ ಕರೆದುಕೊಂಡು ಹೋಗಲಿಲ್ಲ.

ಸ್ಟಾಫ್ ಹಿಡಿದಾಗ ಅವರು ಬೇರೆಯೇ ಮನುಷ್ಯ. ಬೀಡಿ ಇಲ್ಲ, ಮಾತಿಲ್ಲ. ಎರಡೂ ಅಂಗೈ ನಡುವೆ ಪಟ್ಟಿಯನ್ನು ನಿಲ್ಲಿಸಿ, ನನ್ನ ಕಡೆಗೂ ತಮ್ಮ ಕಡೆಗೂ ತುಸು ತುಸು ತೂಗುತ್ತಿದ್ದರು. ಹಾಗೆ ತೂಗಿದಾಗ ಎಲ್ಲಕ್ಕಿಂತ ಕಡಿಮೆ ಬರುವ ಅಂಕಿಯೇ ನಿಜವಾದದ್ದು. ನಾನು ಬರೆದುಕೊಂಡೆನೋ ಇಲ್ಲವೋ ಎಂದು, "ಬಂತೇನ್ರೀ?" ಎಂದು ಕೂಗುವರು. "ಬಂತು" ಎಂದರೆ ಮಾತ್ರ ಹೆಜ್ಜೆ ಎತ್ತುವರು. ಮನೆಯ ಮುಂದೆ ರಂಗೋಲಿ ಇದ್ದರೆ ಅದರ ಮೇಲೆ ಸ್ಟಾಫ್ ಊರುತ್ತಿರಲಿಲ್ಲ. "ಒಂದು ಗೇಣು ಆಚಿ ಹಿಡೀತೀನಿ ಸಾರ್, ಮುಂಜಾನಿಂದ ಕುಂತು ಹಾಕ್ಯಾರ" ಎನ್ನುವರು.

ಅವರ ಹರೆಯವೆಲ್ಲ ಸಂಡೂರಿನ ಗುಡ್ಡಗಳಲ್ಲಿ ಅದಿರು ಒಡೆಯುವುದರಲ್ಲಿ ಕಳೆದಿತ್ತು. ಅಲ್ಲಿನ ಕೆಮ್ಮು ಅವರ ಜೊತೆಗೇ ಇತ್ತು. ಅಲ್ಲಿನ ಮಾತೂ ಇತ್ತು. ಕೆಲಸ ಮುಗಿದರೆ "ಲೋಡ್ ಆತ್ರಿ" ಎನ್ನುವರು, ಮಧ್ಯಾಹ್ನದ ಊಟಕ್ಕೆ ಬಿಟ್ಟರೆ "ಪರ್ಮಿಟ್ ಸಿಕ್ತು" ಎಂದು ನಗುವರು. ಬುತ್ತಿಯಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಅದನ್ನು ಮೊಣಕಾಲಿನ ಮೇಲಿಟ್ಟು ಗುದ್ದಿ ಒಡೆಯುವರು.

ನೀರಿನ ದಾರಿ ಹುಡುಕಲು ಅವರದೊಂದು ವಿಧಾನವಿತ್ತು. ಹೊಸ ಓಣಿಗೆ ಹೋದರೆ ಮೊದಲು ಕಟ್ಟೆಯ ಮೇಲೆ ಕೂತ ಮುದುಕಿಯರ ಹತ್ತಿರ ಹೋಗುವರು. "ಯವ್ವಾ, ಚರಂಡಿ ಇಲ್ಲದ ಕಾಲಕ್ಕ ಪಾತ್ರಿ ತೊಳ್ಯಾಕ ಎಲ್ಲಿ ಕುಂದ್ರತಿದ್ರಿ?" ಮುದುಕಿಯರು ಕೈ ತೋರಿಸಿದ ಕಡೆ ನಾವು ಯಂತ್ರ ಇಟ್ಟು ನೋಡಿದರೆ ಇಳಿಜಾರು ಅಲ್ಲೇ ಇರುತ್ತಿತ್ತು. ಒಮ್ಮೆ ಯಾವುದೋ ಕೆಲಸಕ್ಕೆಂದು ಹಂಪಿಗೆ ಹೋಗಿದ್ದೆವು. ಬಯಲಿನಲ್ಲಿ ಕಲ್ಲಿನ ಕಂಬಗಳ ಮೇಲೆ, ಹಿಂದೆ ನೀರು ಹರಿಸುತ್ತಿದ್ದ ಹಳೆಯ ಕಲ್ಲುದೋಣಿಯ ಸಾಲು ಒಣಗಿ ನಿಂತಿತ್ತು. ಅವರು ತಮ್ಮ ನೀರಿನ ಬಾಟಲಿ ತೆರೆದು ಅದರೊಳಗೆ ಸುರಿದರು. ಎಳೆಯಂಥ ಆ ನೀರು ಕಲ್ಲಿನ ಮೇಲೆ ಮೆಲ್ಲಗೆ ಹರಿಯಿತು. ಅದರ ಪಕ್ಕದಲ್ಲೇ ಅವರೂ ಹೆಜ್ಜೆ ಹಾಕಿದರು. ಕಾವಲುಗಾರ ಬೈಯುತ್ತ ಬಂದ. "ಬರ್ರಿ ಇಲ್ಲಿ, ನೋಡ್ರಿ, ಇನ್ನೂ ಹೊಂಟೈತಿ" ಎಂದು ಅವನನ್ನೂ ಜೊತೆಗೆ ನಡೆಸಿಕೊಂಡು ಹೋದರು. ಬಿಸಿಲಿಗೆ ಕುಡಿಯಲು ನಮ್ಮಲ್ಲಿ ನೀರು ಉಳಿಯಲಿಲ್ಲ.

ಅವರ ಮನೆಯಲ್ಲಿ ದೇವರ ಗೂಡಿನ ಜಾಗದಲ್ಲಿ ಒಂದು ಪುಟ್ಟ ಬುದ್ಧನ ಮೂರ್ತಿ ಇತ್ತು. ನಮ್ಮದು ತಲೆತಲಾಂತರದಿಂದ ಲಿಂಗ ಕಟ್ಟಿದ ಮನೆ. ರವಿವಾರಗಳಲ್ಲಿ ಯಂತ್ರ ನನ್ನ ಮನೆಯಲ್ಲಿರುತ್ತಿತ್ತು. ಸೋಮವಾರ ಬೆಳಿಗ್ಗೆ ಅದನ್ನು ಒಯ್ಯಲು ಅವರು ಬರುವರು. ಅಮ್ಮ ಚಹಾ ಕೊಡುತ್ತಿದ್ದಳು, ಕಿಟಕಿಯ ಹೊರಗೆ ಬೋರಲು ಹಾಕಿಟ್ಟಿದ್ದ ಒಂದು ಸ್ಟೀಲ್ ಲೋಟದಲ್ಲಿ. ಕುಡಿದು, ತಾವೇ ತೊಳೆದು, ಅದೇ ಜಾಗದಲ್ಲಿ ಅದೇ ರೀತಿ ಬೋರಲು ಹಾಕಿ ಹೋಗುವರು. ನಾನು ಷೂ ಲೇಸು ಕಟ್ಟಿಕೊಳ್ಳುತ್ತ ಅದನ್ನು ವರ್ಷಗಟ್ಟಲೆ ನೋಡಿದೆ. ಮದುವೆಯಾಗಿ ಬಂದ ನನ್ನ ಹೆಂಡತಿ ಒಂದು ದಿನ ನಾವು ಕುಡಿಯುವ ಕಪ್ಪಿನಲ್ಲಿ ಅವರಿಗೂ ಚಹಾ ತಂದಿಟ್ಟಳು. ಅವರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಊದುತ್ತ ಕೂತರು. ಆ ಕೆಲಸ ನಾನು ಮಾಡಬೇಕಿತ್ತು.

ಊರಿನ ಪೂರ್ವಕ್ಕೆ, ಹಳ್ಳದ ಆಚೆ, ಅವರಿಗೆ ಒಂದೂವರೆ ಎಕರೆ ಹೊಲವಿತ್ತು. ಅವರ ಅಪ್ಪನ ಕಾಲದಲ್ಲಿ ಭೂಮಿ ಇಲ್ಲದ ಆರು ಮನೆಗಳಿಗೆ ಸರ್ಕಾರ ಹಂಚಿದ ನೆಲ. ಯಾರಿಗೂ ಬೇಡವಾದ ಜವಳು ಅದು, ಮಳೆಗಾಲ ಪೂರ್ತಿ ನೀರು ನಿಲ್ಲುತ್ತಿತ್ತು. ಅಪ್ಪ, ಅವ್ವ, ಆಮೇಲೆ ಅವರು, ಅವರ ಹೆಂಡತಿ, ಎಲ್ಲರೂ ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹಾಕಿ ಅದನ್ನು ಏರಿಸಿದ್ದರು. ಭತ್ತ ಬೆಳೆಯುತ್ತಿತ್ತು, ಬದುವಿನ ಸುತ್ತ ಸುಗಂಧಿ ಬಾಳೆ. ಗೊನೆ ಹಣ್ಣಾದಾಗ ಕಚೇರಿಗೆ ತಂದು ಎಲ್ಲ ಟೇಬಲ್ಲಿಗೂ ಹಂಚುವರು. ಒಬ್ಬ ಹಳೆಯ ಗುಮಾಸ್ತರು, "ಮನೆಗೆ ಒಯ್ತೀನಿ" ಎಂದು ಚೀಲಕ್ಕೆ ಹಾಕಿಕೊಂಡು ದನಕ್ಕೆ ತಿನ್ನಿಸುತ್ತಿದ್ದರು. ಕೊಟ್ಟವರಿಗೆ ಅದು ಗೊತ್ತಿತ್ತು. "ದನಕ್ಕೂ ಬಾಯಿ ಐತಲ್ರಿ" ಎಂದು ಮರುವರ್ಷವೂ ಕೊಟ್ಟರು.

ಹಾಗಿರುವಾಗ ಒಂದು ಮಳೆಗಾಲದ ಮಧ್ಯಾಹ್ನ ಎರಡೇ ತಾಸಿನಲ್ಲಿ ಕೆಳಗಿನ ಓಣಿ ಮುಳುಗಿತು. ಅಂಗನವಾಡಿಯ ಮಕ್ಕಳನ್ನು ಟೇಬಲ್ಲಿನ ಮೇಲೆ ನಿಲ್ಲಿಸಿ, ಟೀಚರಮ್ಮ ಎದೆಮಟ್ಟದ ನೀರಿನಲ್ಲಿ ಬಾಗಿಲಿಗೆ ಒರಗಿ ನಿಂತಿದ್ದಳು. ಹಗ್ಗ ಕಟ್ಟಿ ಒಂದೊಂದೇ ಮಗುವನ್ನು ದಾಟಿಸಿದವರಲ್ಲಿ ಅವರೂ ಒಬ್ಬರು. ಮಕ್ಕಳೆಲ್ಲ ಉಳಿದರು. ಆದರೆ ಊರಿಗೆ ದಿಗಿಲು ಹಿಡಿಯಿತು. ಆ ವರ್ಷವೇ ಪಟ್ಟಣದ ಆಡಳಿತ ಒಂದು ತೀರ್ಮಾನ ಮಾಡಿತು: ತಗ್ಗು ನೆಲ ಖರೀದಿಸಿ ದೊಡ್ಡ ಹೊಂಡ ತೋಡುವುದು, ಜೋರು ಮಳೆ ಬಂದಾಗ ಊರ ನೀರನ್ನು ಅಲ್ಲಿ ತಡೆದು ನಿಲ್ಲಿಸಿ ಆಮೇಲೆ ಮೆಲ್ಲಗೆ ಹಳ್ಳಕ್ಕೆ ಬಿಡುವುದು. ತೀರ್ಮಾನ ಒಳ್ಳೆಯದೇ. ಎಲ್ಲಿ ತೋಡಬೇಕೆಂದು ಹೇಳುವ ಕೆಲಸ ನನಗೆ ಬಂತು.

ಹಳ್ಳದ ಎರಡು ಕಡೆ ಎರಡು ಜಾಗಗಳಿದ್ದವು. ಪೂರ್ವಕ್ಕೆ ಅವರದೂ ಸೇರಿ ಆರು ಮನೆಯವರ ಹೊಲಗಳು. ಪಶ್ಚಿಮಕ್ಕೆ ಅಕ್ಕಿ ಗಿರಣಿಯ ಮಾಲೀಕರೊಬ್ಬರ ಬೀಳು ನೆಲ. ಒಂದು ವಾರ ಇಬ್ಬರೂ ಎರಡು ಕಡೆಯೂ ಲೆವೆಲ್ ತೆಗೆದೆವು. ತಮ್ಮ ಸ್ವಂತ ಹೊಲದಲ್ಲಿ ಸ್ಟಾಫ್ ಹಿಡಿದು ನಿಂತಾಗಲೂ ಅವರು ಬೇರೆ ಕಡೆ ನಿಂತಂತೆಯೇ ನಿಂತರು, ತೂಗಿದರು, "ಬಂತೇನ್ರೀ?" ಎಂದರು. ಲೆಕ್ಕ ಹಾಕಿದಾಗ ಗಿರಣಿಯವರ ನೆಲ ಒಂದಡಿ ತಗ್ಗಿತ್ತು. ಹೊಂಡ ಅಲ್ಲೇ ಆಗಬೇಕಿತ್ತು.

ದೊಡ್ಡ ಎಂಜಿನಿಯರು ನನ್ನನ್ನು ಕೋಣೆಗೆ ಕರೆದರು. ಬೈಯಲಿಲ್ಲ, ಹೆದರಿಸಲಿಲ್ಲ.

"ಆ ಕಡಿ ಜಾಗದ್ದು ಲೇಔಟ್ ಫೈಲು ಮ್ಯಾಲಿನ ತನಕ ಹೋಗೈತಿ. ಈ ಕಡಿ ಹೊಲದೋರು ಒಪ್ಪತಾರ, ಪಾಪದ ಮಂದಿ. ಇನ್ನೊಮ್ಮೆ ನಿಮ್ಮ ರೀಡಿಂಗ್ ಚೆಕ್ ಮಾಡ್ಕೋರಿ" ಎಂದರು. ನಾನು ಏಳುವಾಗ, "ನಿಮ್ಮ ಮನಿಯೋರು ಕಂಪ್ಲಿ ಸಾಲಿಯಾಗ ಟೀಚರ್ ಅಲ್ಲ? ದಿನಾ ಓಡಾಡ್ತಾರೇನು? ನೀವು ಇಲ್ಲಿಗೆ ಬಂದು ಎಷ್ಟು ವರ್ಷಾತು?" ಎಂದು ಕೇಳಿದರು.

ಅಷ್ಟೇ. ಅಮ್ಮ ಆಗ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದಳು. ನನ್ನನ್ನು ಬೀದರಿಗೋ ಚಾಮರಾಜನಗರಕ್ಕೋ ವರ್ಗ ಮಾಡಿದರೆ ಮನೆ ನಡೆಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ವರ್ಗ ಮಾಡುತ್ತೇನೆಂದು ಎಂಜಿನಿಯರು ಹೇಳಿರಲಿಲ್ಲ. ಒಲ್ಲೆ ಎಂದಿದ್ದರೆ ಏನಾಗುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ, ಏಕೆಂದರೆ ನಾನು ಒಲ್ಲೆ ಎನ್ನಲೇ ಇಲ್ಲ.

ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಲೆವೆಲ್ ಪುಸ್ತಕ ತೆಗೆದೆ. ಯಂತ್ರವನ್ನು ಒಂದು ಜಾಗದಿಂದ ಎತ್ತಿ ಇನ್ನೊಂದು ಕಡೆ ಹೂಡಿದಾಗ, ಗೊತ್ತಿರುವ ಜಾಗದ ಮೇಲೆ ಮತ್ತೊಂದು ಓದು ತೆಗೆದುಕೊಳ್ಳುತ್ತೇವೆ. ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಆ ಒಂದು ಓದಿನ ಮೇಲೆ ನಿಂತಿರುತ್ತದೆ. ಹಳ್ಳ ದಾಟಿ ಪಶ್ಚಿಮಕ್ಕೆ ಹೋದಾಗ ತೆಗೆದ ಆ ಓದಿನಲ್ಲಿ ಮೀಟರಿನ ಚುಕ್ಕಿಯ ಪಕ್ಕ ಒಂದು ಸೊನ್ನೆ ಇತ್ತು. ಸೊನ್ನೆಯ ತಲೆಗೆ ಸಣ್ಣದೊಂದು ಬಾಲ ಎಳೆದೆ. ಅದು ಇಂಗ್ಲಿಷಿನ ಆರು ಆಯಿತು. ಮುಂದಿನದನ್ನೆಲ್ಲ ಹೊಸದಾಗಿ ಲೆಕ್ಕ ಮಾಡಿದೆ. ಗಿರಣಿಯವರ ನೆಲವೆಲ್ಲ ಒಟ್ಟಿಗೆ ಅರವತ್ತು ಸೆಂಟಿಮೀಟರು, ಅಂದರೆ ಎರಡಡಿ, ಮೇಲೆದ್ದಿತು. ಒಂದಡಿ ತಗ್ಗಿದ್ದದ್ದು ಒಂದಡಿ ದಿಬ್ಬವಾಯಿತು. ಊಟಕ್ಕೆ ಹೋದವರು ವಾಪಸು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಆರು ಮನೆಯವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಬೇಕಿತ್ತು. ನೀನೂ ನಮ್ಮ ನೌಕರ, ನಿಮ್ಮವರಿಗೆ ನೀನೇ ಹೇಳು ಎಂದು ಕಚೇರಿಯವರು ಅವರನ್ನೇ ಮುಂದೆ ಮಾಡಿದರು. ಹೊಲದ ಬದುವಿನ ಮೇಲೆ ನಡೆಯುತ್ತಿದ್ದಾಗ ಅವರು ನಿಂತು ನನ್ನ ಕಡೆ ತಿರುಗಿದರು.

"ಸಾರ್, ನಮ್ಮ ಹೊಲಾನ ತಗ್ಗು ಬಂತೇನ್ರಿ?"

"ಹೌದು."

"ನನಗ ಆ ಕಡಿ ತಗ್ಗು ಅನಿಸಿತ್ರಿ. ಕಾಲಿಗೆ ಹಂಗ ತಿಳೀತು."

"ಕಾಲಿಗೆ ತಿಳಿಯೋದು ಬ್ಯಾರೆ, ಯಂತ್ರಕ್ಕ ತಿಳಿಯೋದು ಬ್ಯಾರೆ" ಎಂದೆ.

ಅವರು ಬಾಳೆಯ ಒಣ ಎಲೆಯೊಂದನ್ನು ಕಿತ್ತು ಮಡಚಿದರು. "ನೀವು ನೋಡೀರಿ ಅಂದ್ರ ಆತು ಬಿಡ್ರಿ" ಎಂದರು.

ಅವರ ಹೆಂಡತಿ ಒಪ್ಪಲಿಲ್ಲ. ಮನೆಯ ಮುಂದೆ ಆರೂ ಮನೆಯವರು ಸೇರಿದ್ದಾಗ ಆಕೆ ನನ್ನ ಎದುರಿಗೇ ಗಂಡನನ್ನು ಕೇಳಿದರು: "ನಮ್ಮತ್ತಿ ಕಾಲದಿಂದ ತಲಿಮ್ಯಾಲ ಮಣ್ಣು ಹೊತ್ತು ಏರಿಸೀವಿ. ಇನ್ನೂ ತಗ್ಗೈತಂತ ಹೆಂಗ ಹೇಳ್ತಾರ ಇವರು? ಇವರ ಕಣ್ಣು ಬರೋಬ್ಬರಿ ಅದಾವೇನು ಕೇಳು."

"ಸುಮ್ನಿರು. ಸಾಹೇಬ್ರು ಇಪ್ಪತ್ತು ವರ್ಷದಿಂದ ನನಗ ಗೊತ್ತು" ಎಂದರು ಅವರು. ಆಮೇಲೆ ಉಳಿದವರ ಕಡೆ ತಿರುಗಿ, "ಅಂಗನವಾಡಿ ಹುಡ್ರನ್ನ ನಾ ಕೈಯಾಗ ಹಿಡಕೊಂಡು ಬಂದೀನಿ. ಥಂಡಿಗೆ ಹೆಂಗ ನಡುಗ್ತಿದ್ವು ಗೊತ್ತೇನು? ಮತ್ತೊಮ್ಮೆ ಹಂಗ ಆಗೋದು ಬ್ಯಾಡ" ಎಂದು ಹೇಳಿ, ಮೊದಲ ಸಹಿ ತಾವೇ ಹಾಕಿದರು. ಅವರನ್ನು ನೋಡಿ ಉಳಿದ ಐದು ಮನೆಯವರೂ ಹಾಕಿದರು. ಆ ಐದು ಮನೆಯವರು ನಂಬಿದ್ದು ಅವರನ್ನು, ಅವರು ನಂಬಿದ್ದು ನನ್ನನ್ನು.

ಭತ್ತ ಕೊಯ್ದ ಮೇಲೆ ಜೆಸಿಬಿಗಳು ಇಳಿದವು. ಎರಡು ತಲೆಮಾರು ಹೊತ್ತು ಹಾಕಿದ ಗೋಡುಮಣ್ಣು ಟಿಪ್ಪರುಗಳಲ್ಲಿ ಹೋಗಿ ಎಲ್ಲೆಲ್ಲೋ ಬಿತ್ತು. ಅವರು ಕೆಲಸ ಬಿಡಲಿಲ್ಲ, ನನ್ನ ಜೊತೆ ಬರುವುದನ್ನೂ ಬಿಡಲಿಲ್ಲ. ಆದರೆ "ಬಂತೇನ್ರೀ?" ಎಂದು ಕೂಗುವುದು ನಿಂತಿತು. ನಾನು ಕೈ ಎತ್ತುವವರೆಗೆ ಸುಮ್ಮನೆ ನಿಂತು, ಎತ್ತಿದರೆ ಮುಂದೆ ನಡೆಯುವರು. ಇದು ಹೊಲ ಹೋದ ಬೇಸರ, ನಿಧಾನಕ್ಕೆ ಕಡಿಮೆಯಾಗುತ್ತದೆ ಎಂದುಕೊಂಡೆ. ಹಾಗೆಂದುಕೊಂಡರೆ ನನಗೆ ಅನುಕೂಲವಿತ್ತು. ಮರುವರ್ಷ ಅವರು ನಿವೃತ್ತರಾದರು.

ಗಿರಣಿಯವರ ನೆಲದಲ್ಲಿ ಸೈಟುಗಳಾದವು. ಟೈಲರುಗಳು, ಬಸ್ ಕಂಡಕ್ಟರುಗಳು, ಸಣ್ಣ ಅಂಗಡಿಯವರು ಕೊಂಡು ಮನೆ ಕಟ್ಟಿಕೊಂಡರು. ಮೂರನೆಯ ವರ್ಷ ಮತ್ತೆ ಅಂಥದ್ದೇ ಮಳೆ ಬಂತು. ಬೆಳಿಗ್ಗೆ ನಾನು ಹೋಗಿ ನೋಡಿದಾಗ ಲೇಔಟಿನ ಮನೆಗಳಲ್ಲಿ ಕಿಟಕಿಯ ಮಟ್ಟಕ್ಕೆ ನೀರು. ಅದು ಹಿಂದಕ್ಕೆ ಒತ್ತಿ ಕೆಳಗಿನ ಓಣಿಗೂ ನುಗ್ಗಿತ್ತು. ಹಳ್ಳದ ಆಚೆ, ಅಷ್ಟು ದೊಡ್ಡ ಹೊಂಡದಲ್ಲಿ ಮೊಣಕಾಲುದ್ದದ ನೀರು. ಹೊಂಡಕ್ಕೆ ನೀರು ಇಳಿಯುವ ಬಾಯಿ ಲೇಔಟಿಗಿಂತ ಎತ್ತರದಲ್ಲಿತ್ತು; ತಗ್ಗು ಬಿಟ್ಟು ನೀರು ಮೇಲಕ್ಕೆ ಹೋಗುವುದು ಹೇಗೆ?

ಅವರು ನನಗಿಂತ ಮೊದಲೇ ಬಂದಿದ್ದರು. ಲುಂಗಿ ಎತ್ತಿ ಕಟ್ಟಿ, ಸೊಂಟದವರೆಗಿನ ನೀರಿನಲ್ಲಿ ನಿಂತು, ಬಾಳೆ ತೋಟದವರಿಗೆಲ್ಲ ಹೇಳಿಕಳಿಸಿ ಡೀಸೆಲ್ ಪಂಪುಗಳನ್ನು ತರಿಸುತ್ತಿದ್ದರು. ಎಲ್ಲಿ ಪೈಪು ಇಳಿಸಬೇಕು, ಯಾವ ಕಡೆಯಿಂದ ಎಳೆಯಬೇಕು, ಎಲ್ಲ ಅವರೇ ತೋರಿಸಿದರು. ಒಂದು ಮನೆಯ ಅಟ್ಟದಲ್ಲಿ ಕೂತಿದ್ದ ಬಾಣಂತಿಯನ್ನೂ ಕೂಸನ್ನೂ ಬಾಗಿಲ ಹಲಗೆಯ ಮೇಲೆ ಕೂರಿಸಿ ತಳ್ಳಿಕೊಂಡು ಬಂದರು. ಸಂಜೆಯವರೆಗೂ ನೀರು ಪೈಪಿನಲ್ಲಿ ಹತ್ತಿ ಹೊಂಡಕ್ಕೆ ಬೀಳುತ್ತಿತ್ತು. ಬಾಳೆ ಬೆಳೆದ ತಮ್ಮ ಹೊಲಕ್ಕೆ ಅವರೇ ನಿಂತು ನೀರು ತುಂಬಿಸಿದರು. ನಡುನಡುವೆ ಕೆಮ್ಮು ಬಂದಾಗ ವಿದ್ಯುತ್ ಕಂಬ ಹಿಡಿದು ಬಾಗುವರು.

"ಸಾಕು, ಮ್ಯಾಲ ಬಾ" ಎಂದೆ.

"ಇನ್ನೊಂದೀಟು ಐತ್ರಿ" ಎಂದರು.

ಹೊಂಡ ಯಾಕೆ ಖಾಲಿ ಇತ್ತೆಂದು ವಿಚಾರಣೆ ನಡೆಯಿತು. ಹೊರಗಿನಿಂದ ಬಂದ ಅಧಿಕಾರಿ ಹೊಸದಾಗಿ ಲೆವೆಲ್ ತೆಗೆಸಿದಾಗ ಸತ್ಯ ಹೊರಬಿತ್ತು: ಪಶ್ಚಿಮದ ನೆಲವೇ ತಗ್ಗು. ಹಾಗಾದರೆ ಹಳೆಯ ಪುಸ್ತಕದಲ್ಲಿ ತಪ್ಪು ಹೇಗೆ ಬಂತು? ನಿವೃತ್ತರಾಗಿದ್ದ ಅವರನ್ನೂ ಕರೆಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಗೋಡೆಯ ಪಕ್ಕ ನಿಂತಿದ್ದರು. ಕುರ್ಚಿ ಇತ್ತು, ಕೂರಲಿಲ್ಲ.

"ನಾನು ಹಿಡಿಯೋನು ಸಾರ್, ಓದೋದು ಸಾಹೇಬ್ರು" ಎಂದರು ಅವರು. "ಹಿಡಿಯೋದ್ರಾಗ ಏನಾರ ಹೆಚ್ಚುಕಮ್ಮಿ ಆಗಿದ್ರ ಅದು ನಂದ್ರಿ."

ಅಧಿಕಾರಿ ನನ್ನತ್ತ ತಿರುಗಿ, ಯಂತ್ರ ಸರಿಯಿತ್ತೇ ಎಂದು ಕೇಳಿದರು. ಸರಿಯಿತ್ತು ಎಂದೆ. ಹಾಗಾದರೆ ಸ್ಟಾಫ್ ಸೊಟ್ಟ ಹಿಡಿದು ತಪ್ಪಾಗಿರಬಹುದೇ ಎಂದರು. ಎರಡಡಿಯ ತಪ್ಪು, ಅದೂ ಒಂದು ಇಡೀ ಬದಿಗೆ ಒಂದೇ ಸಮನಾಗಿ, ಸ್ಟಾಫ್ ವಾಲಿದ್ದರಿಂದ ಬರಲು ಸಾಧ್ಯವಿಲ್ಲ. ಅದು ಅಧಿಕಾರಿಗೂ ಗೊತ್ತಿರಬೇಕಿತ್ತು. ಅವರಿಗೆ ಫೈಲು ಮುಗಿಯಬೇಕಿತ್ತು. ನಾನು ಮೇಜು ನೋಡುತ್ತ, "ಆಗಿರಬಹುದು ಸರ್" ಎಂದೆ.

ಅವರು ಎರಡೇ ಮಾರು ದೂರದಲ್ಲಿ ನಿಂತು ಕೇಳಿಸಿಕೊಂಡರು.

ವರದಿಯಲ್ಲಿ ಬರೆದರು: ತರಬೇತಿ ಇಲ್ಲದ ಸಿಬ್ಬಂದಿ ಸ್ಟಾಫನ್ನು ಲಂಬವಾಗಿ ಹಿಡಿಯದೆ ಇದ್ದುದರಿಂದ ಅಳತೆ ತಪ್ಪಿದೆ, ಸಂಬಂಧಪಟ್ಟವರು ಈಗಾಗಲೇ ನಿವೃತ್ತರು, ಕ್ರಮ ಅಗತ್ಯವಿಲ್ಲ. ಯಾರಿಗೂ ಶಿಕ್ಷೆ ಆಗಲಿಲ್ಲ. ಎಲ್ಲರೂ ನಿರಾಳರಾದರು.

ಅದಾದ ಮೇಲೆ ಅವರು ಹಾಸಿಗೆ ಹಿಡಿದರು. ಗಣಿಯ ಧೂಳು ಶ್ವಾಸಕೋಶ ತಿಂದಿದೆ ಎಂದು ಡಾಕ್ಟರು ಹೇಳಿದರಂತೆ. ಇರಬಹುದು. ಇಡೀ ದಿನ ನೀರಿನಲ್ಲಿ ನಿಂತದ್ದನ್ನು ಡಾಕ್ಟರಿಗೆ ಯಾರು ಹೇಳಿದ್ದರು? ನಾನು ಮೂರು ಸಲ ಹೋಗಿ ನೋಡಿದೆ. ಬ್ರೆಡ್ಡು, ದಾಳಿಂಬೆ ಒಯ್ದೆ, ಮಳೆ ಬಿಸಿಲಿನ ಮಾತಾಡಿ ಬಂದೆ. ಮೂರನೆಯ ಸಲ ಅವರು ದಿಂಬಿಗೆ ಒರಗಿ, ಒಂದೊಂದು ಶಬ್ದಕ್ಕೂ ಉಸಿರು ತೆಗೆದುಕೊಳ್ಳುತ್ತ ಕೇಳಿದರು:

"ಸಾರ್, ಒಂದ್ಮಾತು. ನಾನು ಸೊಟ್ಟ ಹಿಡಿದಿದ್ನೇನ್ರಿ?"

"ಇಲ್ಲ."

"ಹಂಗಾದ್ರ?"

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ನನ್ನ ಮುಖ ನೋಡುತ್ತಿದ್ದರು. ಗೊತ್ತಿದ್ದೂ ನನಗೊಂದು ಅವಕಾಶ ಕೊಟ್ಟರೋ, ನಿಜವಾಗಿಯೂ ತಮ್ಮ ಕೈಯ ಮೇಲೇ ಅನುಮಾನ ಬಂದಿತ್ತೋ, ನನಗೆ ತಿಳಿಯದು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂಬುದೂ ತಿಳಿಯದು.

"ಯಂತ್ರದ ದೋಷ ಇರಬೇಕು" ಎಂದೆ.

"ಹಳೇದಿತ್ತು ಬಿಡ್ರಿ ಅದು" ಎಂದು ಅವರು ಕಣ್ಣು ಮುಚ್ಚಿದರು. ಎಂಟು ದಿನಕ್ಕೆ ತೀರಿಕೊಂಡರು.

ಶ್ರದ್ಧಾಂಜಲಿ ಸಭೆಯ ಮರುದಿನ ನಾನು ಒಂದು ಹೇಳಿಕೆ ಬರೆದೆ. ಯಾವ ಪುಟ, ಯಾವ ಸಾಲು, ಯಾವ ಸೊನ್ನೆ, ಯಾಕೆ ತಿದ್ದಿದೆ, ಯಾರು ಕರೆದು ಏನು ಹೇಳಿದರು, ಎಲ್ಲವನ್ನೂ ಬರೆದು ಸಹಿ ಹಾಕಿದೆ. ನನ್ನ ಹೆಂಡತಿ ಓದಿ ಲಕೋಟೆ ತಂದುಕೊಟ್ಟಳು. ಕಚೇರಿಗೆ ಕೊಡುವ ಮೊದಲು ಅವರ ಮನೆಗೆ ಹೋದೆ. ಅವರ ಹೆಂಡತಿ ಹೊಸ್ತಿಲ ಹೊರಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹೊಸಪೇಟೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ರಜೆಯ ಮೇಲೆ ಬಂದಿದ್ದಳು. ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಅವಳು ನಿಂತೇ ಜೋರಾಗಿ ಓದಿದಳು. ಸೊನ್ನೆಯ ಹತ್ತಿರ ಬಂದಾಗ ಅವಳ ದನಿ ನಿಂತಿತು, ನನ್ನನ್ನು ಒಮ್ಮೆ ನೋಡಿ ಮತ್ತೆ ಓದಿದಳು.

ಓದಿ ಮುಗಿಯಿತು. ನನಗೆ ಕುಂದ್ರಿ ಎಂದು ಯಾರೂ ಹೇಳಲಿಲ್ಲ.

"ಹೊಲ ವಾಪಸು ಬರ್ತೈತೇನ್ರಿ?" ಎಂದು ಅವರ ಹೆಂಡತಿ ಕೇಳಿದರು.

"ಇಲ್ಲಮ್ಮ. ತೋಡಿಬಿಟ್ಟಾರ. ಆದ್ರ ಆರೂ ಮನಿಯೋರು ಕೇಸು ಹಾಕಬೌದು. ಈ ಕಾಗದ ನಿಮಗ ಸಾಕ್ಷಿ ಆಗ್ತೈತಿ. ಕೋರ್ಟಿಗೆ ನಾನೂ ಬರ್ತೀನಿ."

"ನಿಮ್ಮ ನೌಕರಿ?"

"ಹೋಗಬೌದು."

ಆಕೆ ಮಡಿಲಿನ ಸಿಪ್ಪೆ ಕೊಡವಿ ಎದ್ದು, ಮಗಳ ಕೈಯಿಂದ ಹಾಳೆ ತೆಗೆದುಕೊಂಡು, ಓದಲು ಬಾರದಿದ್ದರೂ ಸಾಲುಗಳ ಮೇಲೆ ಬೆರಳಾಡಿಸಿದರು.

"ನಮ್ಮ ಮನಿಯೋರು ಸೊಟ್ಟ ಹಿಡಿದಿರಲಿಲ್ಲ ಅಂತ ಇದ್ರಾಗ ಎಲ್ಲಿ ಬರದೀರಿ?"

ನಾನು ಹಾಳೆ ಇಸಿದುಕೊಂಡು ನೋಡಿದೆ. ಎರಡು ಪುಟಗಳ ತುಂಬ ನನ್ನ ಅಂಕಿ, ನನ್ನ ಅಂಜಿಕೆ, ನನ್ನ ಅಮ್ಮನ ಕಾಯಿಲೆ, ನನ್ನ ಪಶ್ಚಾತ್ತಾಪ. ಆ ಮಾತು ಎಲ್ಲೂ ಇರಲಿಲ್ಲ.

ಅಲ್ಲೇ ಗೋಡೆಗೆ ಹಾಳೆ ಒತ್ತಿ ಹಿಡಿದು, ಸಹಿಯ ಮೇಲಿದ್ದ ಸ್ವಲ್ಪ ಜಾಗದಲ್ಲಿ ಆ ಸಾಲು ಬರೆದೆ. ಮಗಳು ಅದನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದಳು.